ಎದುರಿಗಿದ್ದವನು

ಆ ಪೊಲೀಸಿನವನ ಹೆಸರು ಡ್ರಿಲ್ ಟೀಚರಿಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಅವನನ್ನು ಹಲ್ಲುಕಿರುಕ ಎಂದು ಕರೆಯುತ್ತಿದ್ದಳು. ಬೆಳಿಗ್ಗೆ ಮೈದಾನದಲ್ಲಿ ಮಕ್ಕಳನ್ನು ಓಡಿಸುವಾಗ, ಸಂಜೆ ತಮ್ಮನ ಕಿವಿಗೆ ಔಷಧಿ ಹಾಕುವಾಗ, ಹಲ್ಲುಕಿರುಕನ ಯೂನಿಫಾರಂ ಕಳಚಿಸಿ ಬೀದಿಯಲ್ಲಿ ನಿಲ್ಲಿಸುವುದು ಹೇಗೆಂಬ ಯೋಚನೆಯೊಂದೇ ಅವಳಿಗೆ.

ತಮ್ಮ ಸ್ಪೀಕರ್ ರಿಪೇರಿ ಮಾಡುವವನು. ಸಭಾಭವನದ ಆಂಪ್ಲಿಫೈಯರ್ ಕಾಣೆಯಾದಾಗ, ಅದನ್ನು ಕೊನೆಯ ಸಲ ಮುಟ್ಟಿದವನು ನೀನೇ ಎಂದು ಪೊಲೀಸರು ಠಾಣೆಗೆ ಎಳೆದುಕೊಂಡು ಹೋದರು. ಅಕ್ಕ ಹಿಂದೆಯೇ ಹೋಗಿ ಹೊರಗಿನ ಮೇಜಿನ ಮುಂದೆ ಕೂತಿದ್ದಳು. ಒಳಕೋಣೆಯಲ್ಲಿ ಅವನ ಅಂಗಿಯನ್ನೇ ಮುಖಕ್ಕೆ ಸುತ್ತಿ, ಗೋಡೆಗೆ ನಿಲ್ಲಿಸಿ ಒಬ್ಬ ಬಡಿದ. ಆಂಪ್ಲಿಫೈಯರ್ ಆಮೇಲೆ ಸಭಾಭವನದ ವೇದಿಕೆಯ ಕೆಳಗೇ ಸಿಕ್ಕಿತು. ಅಷ್ಟರಲ್ಲಿ ತಮ್ಮನ ಎಡಗಿವಿ ಹೋಗಿತ್ತು. ಸ್ಪೀಕರಿನೊಳಗಿನ ಸಣ್ಣ ಕರಕರ ಈಗ ಅವನಿಗೆ ತಿಳಿಯುವುದಿಲ್ಲ. ಪಕ್ಕದ ಅಂಗಡಿಯವರನ್ನು ಕರೆದು ಕೇಳಬೇಕು.

ಹೊಡೆದವನ ಮುಖವನ್ನು ತಮ್ಮ ನೋಡಿರಲಿಲ್ಲ. ಅಕ್ಕನಿಗೆ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೇಲಿನ ಕಚೇರಿಯಿಂದ ವಿಚಾರಣೆಗೆ ಬಂದ ನರೆಗೂದಲಿನ ಮೇಡಂ ಮುಂದೆ ಕೂತು, "ಮುಂದಿನ ಮೇಜಲ್ಲಿ ಕೂರೋನೇ ಹೊಡೆದಿದ್ದು. ನಾನೇ ಕಣ್ಣಾರೆ ನೋಡ್ದೆ" ಎಂದುಬಿಟ್ಟಳು.

"ಅವನು ನಿಮಗೇನಾದ್ರೂ ಅಂದ್ನಾ?" ಮೇಡಂ ಕೇಳಿದರು.

ಅದನ್ನು ಹೇಳಲೆಂದೇ ಅವಳು ಕಾದಿದ್ದಳು. "ಒಳಗಿಂದ ತಮ್ಮ ಕಿರುಚ್ಕೊಂಡಿದ್ದು ಕೇಳಿ ಎದ್ದು ನಿಂತೆ, ಮೇಡಂ. ಇವನು ಹಲ್ಲು ಕಿರಿದು, 'ಕೂತ್ಕೊಳಮ್ಮ, ನಿನ್ನ ತಮ್ಮ ಒಳಗೆ ಮೈಕ್ ಟೆಸ್ಟ್ ಮಾಡ್ತಿದಾನೆ' ಅಂದ."

ಮೇಡಂ ಪೆನ್ನು ಕೆಳಗಿಟ್ಟರು. "ಅವನು ಹಾಗಂದಾಗ ಒಳಗೆ ಏಟು ಬೀಳ್ತಿತ್ತಾ?"

"ಬೀಳ್ತಾನೇ ಇತ್ತು."

"ಆಗ ಇವನೆಲ್ಲಿದ್ದ?"

"ನನ್ನ ಎದುರಿಗೇ."

ಅಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಮೇಡಂ ಸಿಟ್ಟಾಗಲಿಲ್ಲ. "ಟೀಚರ್, ನಿಮ್ಮ ಹೊಟ್ಟೆ ಉರಿ ನನಗೆ ಅರ್ಥ ಆಗುತ್ತೆ. ಆದ್ರೆ ಕೋರ್ಟಲ್ಲಿ ಅವನ ವಕೀಲರೂ ಇದನ್ನೇ ಕೇಳ್ತಾರೆ. ಆಗ ಇವನೂ ಪಾರು, ನಿಜವಾಗಿ ಹೊಡೆದೋನೂ ಪಾರು. ಠಾಣೆಯವರೆಲ್ಲ ಒಂದೇ ಬಾಯಲ್ಲಿ ಇವನನ್ನೇ ತೋರಿಸ್ತಿದಾರೆ. ಅಷ್ಟೊಂದು ಒಗ್ಗಟ್ಟು ಯಾಕೆ ಅಂತ ನಾನೂ ಯೋಚ್ನೆ ಮಾಡ್ತಿದೀನಿ. ಮನೆಗೆ ಹೋಗಿ ಸರಿಯಾಗಿ ನೆನಪು ಮಾಡ್ಕೊಂಡು ಬನ್ನಿ."

ಅವಳು ನೇರವಾಗಿ ತಮ್ಮನ ಅಂಗಡಿಗೆ ಹೋದಳು. ಅವನ ಬಲಗಡೆಯ ಸ್ಟೂಲಿನಲ್ಲಿ ಕೂತು ನಡೆದದ್ದನ್ನು ಹೇಳಿ, "ಯಾರಾದ್ರೂ ಒಬ್ಬ ಅನುಭವಿಸ್ಲಿ ಬಿಡೋ. ಅವನೂ ಏನು ಸಾಚಾ ಅಲ್ಲ" ಎಂದಳು.

ತಮ್ಮ ಸ್ಕ್ರೂಡ್ರೈವರ್ ಕೆಳಗಿಡಲಿಲ್ಲ. "ಯಾರಾದ್ರೂ ಒಬ್ಬ ಬೇಡ ಅಕ್ಕ. ನನಗೆ ಹೊಡೆದೋನೇ ಬೇಕು."

ಆಗ ಅವಳು ಆ ದಿನವನ್ನು ಮತ್ತೆ ಮೊದಲಿನಿಂದ ನೆನೆದಳು. ಏಟು ನಿಂತ ಮೇಲೆ ಒಳಕೋಣೆಯ ಬಾಗಿಲು ತೆರೆದು ಹೊರಬಂದವನು ಒಬ್ಬನೇ: ಎಲ್ಲರೂ ಸಣ್ಣ ಸಾಹೇಬರು ಎನ್ನುವ ಎಳೆಯ ಸಬ್ ಇನ್ಸ್‌ಪೆಕ್ಟರ್. ಹಣೆಯ ಮೇಲೆ ಬೆವರಿತ್ತು. ಮಡಿಸಿದ್ದ ತೋಳನ್ನು ಇಳಿಸಿಕೊಳ್ಳುತ್ತಿದ್ದ. "ಗಾಬರಿ ಆಗ್ಬೇಡಿ ಅಕ್ಕ" ಎಂದು ಕುರ್ಚಿ ಹಾಕಿಸಿ, ನೀರು ತರಿಸಿಕೊಟ್ಟಿದ್ದ. ಠಾಣೆಯಲ್ಲಿ ಮನುಷ್ಯ ಅಂತ ಇರುವವನು ಅವನೊಬ್ಬನೇ ಎಂದು ಅವಳು ಸ್ಟಾಫ್ ರೂಮಿನಲ್ಲಿ ಹೊಗಳಿ ಬಂದಿದ್ದಳು. ಆ ಕೈಯಿಂದ ನೀರು ಕುಡಿದೆನಲ್ಲ ಎಂದುಕೊಂಡು ಸ್ಟೂಲಿನಿಂದ ಎದ್ದಳು.

ಮರುದಿನ ಹೋಗಿ, ಹಲ್ಲು ಕಚ್ಚಿಕೊಂಡೇ, ಹೊಡೆದದ್ದನ್ನು ತಾನು ನೋಡಿರಲಿಲ್ಲ, ನೋಡಿದೆ ಎಂದದ್ದು ಸುಳ್ಳು ಎಂದು ಬರೆಸಿದಳು. ಕಂಡದ್ದನ್ನು ಕಂಡಷ್ಟೇ ಹೇಳಿದಳು. ಏಟು ಬೀಳುವಾಗ ಹಲ್ಲುಕಿರುಕ ತನ್ನ ಎದುರಿಗೇ ಇದ್ದ ಎಂಬುದನ್ನೂ, ಬಾಗಿಲು ತೆರೆದು ಬಂದವನು ಸಣ್ಣ ಸಾಹೇಬ ಎಂಬುದನ್ನೂ ಬರೆಸಿದಳು.

ಮೇಡಂ ಆ ಹೇಳಿಕೆಯನ್ನು ಹಲ್ಲುಕಿರುಕನಿಗೆ ಓದಿ ಹೇಳಿದರು. 'ಸುಮ್ಮನಿರು, ನಾನು ನೋಡ್ಕೋತೀನಿ' ಎಂದ ಸಣ್ಣ ಸಾಹೇಬನ ಮಾತನ್ನು ನಂಬಿ ಅವನು ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ಜೊತೆಯವರೆಲ್ಲ ತಪ್ಪನ್ನು ತನ್ನ ತಲೆಗೇ ಕಟ್ಟಿದ್ದಾರೆ, ತಾನು ಒಳಗಿರಲಿಲ್ಲ ಎಂದವಳು ತಾನು ಆಡಿಕೊಂಡ ಹೆಂಗಸೊಬ್ಬಳೇ ಎಂದು ತಿಳಿದಾಗ ಎಲ್ಲವನ್ನೂ ಕಕ್ಕಿದ. ಅವನ ಮಾತೊಂದನ್ನೇ ಮೇಡಂ ನಂಬಲಿಲ್ಲ. ಅಂದು ಆ ಒಳಕೋಣೆಯ ಮೂಲೆಯಲ್ಲಿ ಕೂಡಿಹಾಕಿದ್ದ ಲಾರಿ ಡ್ರೈವರನ್ನು ಪರವೂರಿನಿಂದ ಹುಡುಕಿ ತರಿಸಿ, ಬೇರೆಯಾಗಿ ಕೇಳಿದರು. ಇಬ್ಬರ ಮಾತೂ ಒಂದಕ್ಕೊಂದು ತಾಳೆಯಾಯಿತು.

ಸಣ್ಣ ಸಾಹೇಬನನ್ನು ಕೋರ್ಟಿಗೆ ಕರೆತಂದ ದಿನ ಅವಳು ರಜೆ ಹಾಕಿ, ಗೇಟಿನ ಬಳಿ ತಮ್ಮನ ಜೊತೆ ನಿಂತಿದ್ದಳು. ಜೀಪಿನಿಂದ ಇಳಿದವನು ಅವಳನ್ನು ಕಂಡು, ಅದೇ ಮೆಲುದನಿಯಲ್ಲಿ, "ಅಕ್ಕ" ಎಂದ.

"ಇವನಿಗೆ ಮಾತ್ರ ನಾನು ಅಕ್ಕ" ಎಂದು ಅವಳು ತಮ್ಮನ ಹೆಗಲ ಮೇಲೆ ಕೈಯಿಟ್ಟಳು. "ಹೇಳೋದಿದ್ರೆ ಇವನಿಗೆ ಹೇಳು, ಈ ಕಡೆಯಿಂದ. ಆ ಕಿವಿ ಕೇಳಿಸಲ್ಲ."

ಸಣ್ಣ ಸಾಹೇಬ ತಲೆ ತಗ್ಗಿಸಿ ಒಳಗೆ ನಡೆದ. ತಮ್ಮ, ಕೋರ್ಟಿನ ಬಾಗಿಲು ಮುಚ್ಚುವವರೆಗೂ ಅವನ ಬೆನ್ನನ್ನೇ ನೋಡುತ್ತಿದ್ದ.

ಆಮೇಲೊಂದು ದಿನ ಹಲ್ಲುಕಿರುಕ ಶಾಲೆಯ ಮೈದಾನಕ್ಕೇ ಬಂದ. "ಟೀಚರಮ್ಮ, ನನ್ನ ಉಳಿಸಿದ್ರಿ. ನಿಮ್ಮ ಋಣ ಹೇಗೆ ತೀರಿಸ್ಲಿ" ಎಂದು ಕೈ ಮುಗಿದ.

"ನಿನ್ನ ಉಳಿಸೋಕೆ ಹೇಳಿದ್ದಲ್ಲ. ಅವನು ತಪ್ಪಿಸ್ಕೋಬಾರ್ದು ಅಂತ ಹೇಳಿದ್ದು" ಎಂದಳು. "ಒಳಗೆ ಒಬ್ಬನನ್ನ ಬಡೀತಿದ್ರೆ ಹೊರಗೆ ಕೂತು ನಕ್ಕೋನ ಮೇಲೂ ದೂರು ಕೊಟ್ಟಿದೀನಿ. ಮೈಕ್ ಟೆಸ್ಟ್ ಅಂದಿದ್ದೂ ಅದರಲ್ಲಿದೆ. ಈ ಸಲ ಒಂದಕ್ಷರನೂ ಸುಳ್ಳು ಹೇಳಿಲ್ಲ, ಹಾಗಾಗಿ ನೀನು ಪಾರಾಗೋದು ಕಷ್ಟ."

ಮುಗಿದ ಕೈ ಹಾಗೇ ನಿಂತಿತು. ಕಿರಿದಿದ್ದ ಹಲ್ಲು ಮುಚ್ಚಿಕೊಂಡ. ಆ ಮುಖವನ್ನು ಅವಳು ಸಾವಕಾಶವಾಗಿ, ಕಣ್ಣು ತುಂಬ ನೋಡಿದಳು. ಆಮೇಲೆ, "ಮಕ್ಕಳು ಓಡೋ ಜಾಗ ಇದು, ಪಕ್ಕಕ್ಕೆ ಸರಿ" ಎಂದಳು.