ಮಗ್ಗುಲು ಪಟ್ಟಿ

“ಭುಜ ಹಿಡ್ಕೋ, ಸೊಂಟ ನಾನು ತಿರುಗಿಸ್ತೀನಿ,” ಎಂದು ಚಿಕ್ಕಮ್ಮ ಹೇಳಿದಾಗ ಮಗಳು ಅಮ್ಮನ ಭುಜದಡಿ ಕೈಕೊಟ್ಟು ದೇಹವನ್ನು ತನ್ನ ಕಡೆಗೆ ವಾಲಿಸಿಕೊಂಡಳು. ಅಮ್ಮನ ತಲೆ ಅವಳ ಎದೆಗೆ ಒರಗಿತು. ಇಷ್ಟೊಂದು ಹಗುರಾಗಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಆಚೆ ಬದಿಯಲ್ಲಿ ಒದ್ದೆ ಬಟ್ಟೆಯಿಂದ ಬೆನ್ನು ಒರೆಸುತ್ತ ಬಂದ ಚಿಕ್ಕಮ್ಮನ ಕೈ ಸೊಂಟದ ಹತ್ತಿರ ನಿಂತುಬಿಟ್ಟಿತು.

“ಏನು?”

“ಏನಿಲ್ಲ. ನೀನು ಹಾಗೇ ಹಿಡ್ಕೊಂಡಿರು.”

ಏನಿಲ್ಲ ಎಂದವಳ ಮುಖದಲ್ಲೇ ಎಲ್ಲ ಇತ್ತು. ಮಗಳು ಅಮ್ಮನ ತಲೆಯ ಮೇಲಿಂದ ಬಗ್ಗಿ ನೋಡಿದಳು. ಬೆನ್ನಿನ ಕೆಳತುದಿಯಲ್ಲಿ ಅಂಗೈ ಅಗಲದ ಹುಣ್ಣು. ಅಂಚು ಕಪ್ಪಗೆ ಸುರುಟಿಕೊಂಡಿತ್ತು, ನಡುವೆ ಗುಳಿ ಬಿದ್ದಿತ್ತು, ಗುಳಿಯ ತಳದಲ್ಲಿ ಬೆಳ್ಳಗೆ ಕಾಣುತ್ತಿದ್ದದ್ದು ಹತ್ತಿಯಲ್ಲ, ಮೂಳೆ. ಅದರ ಮೇಲೆ ಹಚ್ಚಿದ್ದ ಪ್ಲಾಸ್ಟರು ಬಟ್ಟೆಗೆ ಅಂಟಿಕೊಂಡು ಕಿತ್ತು ಬಂದಿತ್ತು.

ಶವಪೆಟ್ಟಿಗೆ ಮಾರುವ ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಒಂದು ಕಲ್ಲಿನ ಮೇಜು, ಎರಡು ಬಕೆಟ್ಟು, ಗೋಡೆಗೆ ಒಂದು ನಲ್ಲಿ, ಅಷ್ಟೇ. ಮಗಳಿಗೆ ಕೂರಲು ಜಾಗ ಬೇಕಿತ್ತು, ಇರಲಿಲ್ಲ. ಒಂಬತ್ತು ತಿಂಗಳು, ಒಂದು ಭಾನುವಾರವೂ ತಪ್ಪಿಸದೆ ಅವಳು ಅಮ್ಮನನ್ನು ಸೇರಿಸಿದ್ದ ಆರೈಕೆಮನೆಗೆ ಹೋಗಿದ್ದಳು. ಹಾಸಿಗೆಯ ಪಕ್ಕ ಕೂತು ಕಿತ್ತಳೆ ಸುಲಿದು ಕೊಟ್ಟಿದ್ದಳು. ಒಂದು ದಿನವಾದರೂ ಹೊದಿಕೆ ಎತ್ತಿ ನೋಡಿರಲಿಲ್ಲ.

ಚಿಕ್ಕಮ್ಮ ಹೊಸ ಹತ್ತಿ ಇಟ್ಟು ಮುಚ್ಚಿದಳು. ಬಟ್ಟೆ ತೊಡಿಸಿದ ಮೇಲೆ ಏನೂ ಕಾಣಲಿಲ್ಲ. ಹೊರಗೆ ಇದರ ಮಾತೆತ್ತಬೇಡ, ಹೋದವಳನ್ನು ಮರ್ಯಾದೆಯಿಂದ ಕಳಿಸಿಕೊಡೋಣ ಎಂದಳು.

* * *

ಅಮ್ಮ ಮೂವತ್ತೊಂದು ವರ್ಷ ಮಾಡಿದ ಕೆಲಸವೇ ಇದು: ಮುದುಕರನ್ನು ಇಟ್ಟುಕೊಳ್ಳುವ ಆರೈಕೆಮನೆಗಳಿಗೆ ಹೋಗಿ, ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೆಂದು ಪರೀಕ್ಷಿಸಿ ದರ್ಜೆ ಕೊಡುವುದು. ಇಲಾಖೆಯಲ್ಲಿ ಅವಳಿಗೆ ‘ಪಟ್ಟಿ ಮೇಡಂ’ ಎಂದೇ ಹೆಸರು. ಬೇರೆ ಪರೀಕ್ಷಕರು ಆರೈಕೆಮನೆಯವರು ಕೊಟ್ಟ ಊಟ ಉಂಡು, ಹೂಗಿಡಗಳನ್ನು ಹೊಗಳಿ ಬರುತ್ತಿದ್ದರು. ಅಮ್ಮ ತನ್ನ ಫ್ಲಾಸ್ಕಿನ ನೀರು ಬಿಟ್ಟು ಬೇರೇನೂ ಬಾಯಿಗಿಡುತ್ತಿರಲಿಲ್ಲ. ಹೋದವಳೇ ಪಟ್ಟಿಗಳನ್ನು ತರಿಸುತ್ತಿದ್ದಳು: ಊಟದ ಪಟ್ಟಿ, ಮಾತ್ರೆಯ ಪಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಮಗ್ಗುಲು ಪಟ್ಟಿ. ಎದ್ದು ಓಡಾಡಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಬದಲಿಸಿದವರು ಹೊತ್ತು ಬರೆದು ಸಹಿ ಹಾಕಬೇಕು. ಒಂದು ಚೌಕ ಖಾಲಿ ಇದ್ದರೂ ಅಮ್ಮ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅದಕ್ಕೆ ಹೊಣೆ ಯಾರು, ಹೆಸರು ಹೇಳಿ ಎಂದು ಬೆವರಿಳಿಸುತ್ತಿದ್ದಳು.

ಶಾಲೆಗೆ ರಜೆ ಇದ್ದಾಗ ಒಮ್ಮೆ ಮಗಳನ್ನೂ ಜೀಪಿನಲ್ಲಿ ಕರೆದೊಯ್ದಿದ್ದಳು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ ಮುದುಕನನ್ನು ಅಮ್ಮ ಏನಾದರೂ ತೊಂದರೆ ಇದೆಯಾ ಎಂದು ಕೇಳಿದಳು. ಅವನು ಬಾಗಿಲಲ್ಲಿ ನಿಂತಿದ್ದ ಆಯಾಳ ಕಡೆ ನೋಡಿ, ಏನೂ ಇಲ್ಲ, ಎಲ್ಲ ಚೆನ್ನಾಗಿದೆ ಎಂದ. ಅಮ್ಮ ಹಾಗೆಯೇ ಬರೆದುಕೊಂಡಳು. ವಾಪಸು ಬರುವಾಗ ಮಗಳು, ಆ ತಾತ ಸುಳ್ಳು ಹೇಳಿದರು ಅಲ್ವಾ ಅಮ್ಮ ಎಂದಿದ್ದಕ್ಕೆ, ಹೇಳಿದ್ದನ್ನು ಬರೆಯಬಹುದು, ಹೇಳದ್ದನ್ನು ಎಲ್ಲಿ ಅಂತ ಬರೆಯೋದು ಎಂದು ನಕ್ಕುಬಿಟ್ಟಿದ್ದಳು.

* * *

ಅಂಗಡಿಯ ಮುಂದಿನ ಹಜಾರದಲ್ಲಿ ಇಪ್ಪತ್ತೈದು ಮೂವತ್ತು ಜನ ಕೂತಿದ್ದರು. ಜೀಪು ಓಡಿಸುತ್ತಿದ್ದ ನಿವೃತ್ತ ಡ್ರೈವರ್ ಎಲ್ಲರಿಗಿಂತ ಮೊದಲೇ ಬಂದು ಕಣ್ಣು ಕೆಂಪು ಮಾಡಿಕೊಂಡಿದ್ದ. ಅವನಿಗೆ ದುಃಖ ಬಂದರೆ ಮಾತು ಹೆಚ್ಚು. ಪಟ್ಟಿ ಮೇಡಮ್ಮಿನ ಕಟ್ಟುನಿಟ್ಟಿನ ಕತೆಗಳನ್ನು ಹೇಳುತ್ತ, ಎಂಥೆಂಥ ದೊಡ್ಡವರಿಗೂ ಅವರು ಸೊಪ್ಪು ಹಾಕುತ್ತಿರಲಿಲ್ಲ, ಇಂಥ ದಿನ ಬರುತ್ತೇನೆಂದು ಯಾವ ಆರೈಕೆಮನೆಗೂ ಸುಳಿವು ಕೊಟ್ಟವರಲ್ಲ ಎಂದ.

“ನಾನೇ ಹಿಂದಿನ ದಿನ ಒಂದು ಫೋನ್ ಹಾಕಿಬಿಡ್ತಿದ್ದೆ,” ಎಂದ, ಮಗಳ ಕಡೆ ತಿರುಗಿ. “ಗೇಟು ತೆಗೆದಿಟ್ಟಿರಿ ಅಂತ, ಅಷ್ಟೇ. ಇನ್ನೇನೂ ಹೇಳ್ತಿರಲಿಲ್ಲ. ಬಿಸಿಲಲ್ಲಿ ಅವರು ಹಾರ್ನ್ ಹೊಡೆಸ್ಕೊಂಡು ಕಾಯ್ಬೇಕಾ, ನೀವೇ ಹೇಳಿ.”

ಕೇಳಿದವರು ಕರಗಿಹೋದರು. ಎಂಥ ನಿಷ್ಠೆ ಎಂದು ಒಬ್ಬರು ಅವನ ಬೆನ್ನು ತಟ್ಟಿದರು. ಮೂವತ್ತೊಂದು ವರ್ಷದ ಅನಿರೀಕ್ಷಿತ ಭೇಟಿಗಳು ಹೀಗೆ ಒಂದೇ ಮಾತಿನಲ್ಲಿ ಹೊಳೆ ಪಾಲಾದದ್ದು ಮಗಳೊಬ್ಬಳಿಗೇ ಹೊಳೆಯಿತು. ಅಂಥದೊಂದು ಭೇಟಿಯ ಮೇಲೆಯೇ ಅಮ್ಮ ಈ ಆರೈಕೆಮನೆಗೆ ಮೊದಲ ದರ್ಜೆ ಬರೆದಿದ್ದಳು. ಸೊಂಟದ ಮೂಳೆ ಮುರಿದು ಮಲಗಿದಾಗ, ತನ್ನದೇ ವರದಿಯನ್ನು ನೆನಪಿಟ್ಟುಕೊಂಡು, ನನ್ನನ್ನು ಅಲ್ಲಿಗೇ ಸೇರಿಸು ಎಂದು ಹಟ ಹಿಡಿದಿದ್ದಳು.

ಅಷ್ಟರಲ್ಲಿ ಆರೈಕೆಮನೆಯ ಮೇಟ್ರನ್ ಬಂದಳು. ಇಸ್ತ್ರಿ ಮುರಿಯದ ಬಿಳಿ ಉಡುಪು, ಒಂದು ಕೈಯಲ್ಲಿ ಹೂ, ಇನ್ನೊಂದು ಕೈಯಲ್ಲಿ ಕಡತ. ಮಗಳನ್ನು ಪಕ್ಕದ ಬೆಂಚಿಗೆ ಕರೆದು ಕೂರಿಸಿಕೊಂಡು ಕೈ ಹಿಡಿದಳು. ನಾಳೆಯೇ ತಮ್ಮಲ್ಲಿ ಇಲಾಖೆಯವರ ಪರೀಕ್ಷೆ ಇದೆ ಎಂದಳು. ತೀರಿಕೊಂಡವರ ಮನೆಯವರು ಅಭಿಪ್ರಾಯ ಬರೆದ ಹಾಳೆ ಕಡತದಲ್ಲಿ ಇರಲೇಬೇಕು, ಈ ಹೊತ್ತಿನಲ್ಲಿ ಕೇಳಬಾರದು, ಆದರೂ. ಅಮ್ಮನ ಫೋಟೋವನ್ನು ನಮ್ಮ ಮುಂಬಾಗಿಲ ಹಜಾರದಲ್ಲಿ ಹಾಕಿಸುತ್ತೇವೆ ಎಂದೂ ಸೇರಿಸಿದಳು.

ಹಾಳೆಯನ್ನು ಮಗಳು ಗುರುತಿಸಿದಳು. ನಲವತ್ತು ಪ್ರಶ್ನೆಗಳ ಈ ಹಾಳೆಯನ್ನು ಅಮ್ಮ ಮನೆಯ ಊಟದ ಮೇಜಿನ ಮೇಲೆ ಕೂತು ತಯಾರಿಸಿದ್ದಳು. ಹದಿನೇಳನೆಯ ಪ್ರಶ್ನೆ: ಹಾಸಿಗೆ ಹಿಡಿದವರ ಚರ್ಮದ ಆರೈಕೆ ತೃಪ್ತಿಕರವಾಗಿತ್ತೇ? ಹೌದು, ಇಲ್ಲ. ತಳದಲ್ಲಿ ಸಣ್ಣ ಅಕ್ಷರದಲ್ಲಿ, ಉತ್ತರ ಬರೆಯದ ಪ್ರಶ್ನೆಯನ್ನು ತೃಪ್ತಿಕರವೆಂದೇ ಪರಿಗಣಿಸಲಾಗುವುದು. ದುಃಖದಲ್ಲಿದ್ದವರು ಅರ್ಧಕ್ಕೇ ಬಿಟ್ಟ ಹಾಳೆಗಳಿಂದ ಕಡತ ಮುಗಿಯುತ್ತಿರಲಿಲ್ಲವೆಂದು ಆ ಸಾಲನ್ನು ಸೇರಿಸಿದವಳೂ ಅಮ್ಮನೇ.

“ಅಮ್ಮನ ಬೆನ್ನು ನೋಡಿದೆ,” ಎಂದಳು ಮಗಳು.

ಮೇಟ್ರನ್ ಬೆಚ್ಚಲಿಲ್ಲ. ವಯಸ್ಸಾದವರ ಚರ್ಮ, ಏನು ಮಾಡಿದರೂ ಕೆಲವೊಮ್ಮೆ ಹಾಗಾಗುತ್ತದೆ ಎಂದು ಕಡತದಿಂದ ಮಗ್ಗುಲು ಪಟ್ಟಿ ತೆಗೆದು ತೊಡೆಯ ಮೇಲೆ ಹರಡಿದಳು. ನೋಡಿ, ಒಂದು ಚೌಕವೂ ಖಾಲಿ ಇಲ್ಲ. ಎಡ ಮಗ್ಗುಲು, ಬಲ ಮಗ್ಗುಲು, ಹೊತ್ತು, ಆಯಾಳ ಸಹಿ. ‘ಇಲ್ಲ’ ಎಂದು ಬರೆಯುವುದಾದರೆ ಬರೆಯಿರಿ, ಸಹಿ ಯಾರದೋ ಅವಳ ಮೇಲೆ ಕ್ರಮ ತೆಗೆದುಕೊಳ್ಳಲೇಬೇಕಾಗುತ್ತದೆ, ನಿಮ್ಮ ತಾಯಿ ಮಾಡಿದ ನಿಯಮವೇ ಅದು ಎಂದಳು. ಅದರಲ್ಲಿ ಬೆದರಿಕೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮಗಳು ಪಟ್ಟಿಯ ಮೇಲೆ ಬೆರಳಾಡಿಸಿದಳು. ಮೊದಲ ಮೂರು ತಿಂಗಳ ಅಕ್ಷರ ದಪ್ಪ, ಗುಂಡು. ಆಮೇಲೆ ಅಕ್ಷರ ಸಣ್ಣದಾಗಿ ಬಲಕ್ಕೆ ವಾಲಿತ್ತು. ಪ್ರತಿ ಹೊತ್ತಿನ ಅಂಕಿಯ ಮುಂದೆ ಒಂದು ಪುಟ್ಟ ಅಡ್ಡಗೆರೆ. ಬರೆದಾದ ಮೇಲೆ ಯಾರೂ ಇನ್ನೊಂದು ಅಂಕಿ ತುರುಕಬಾರದೆಂದು ಹಾಲಿನ ಚೀಟಿಯಿಂದ ಶಾಲೆಯ ರಜಾ ಅರ್ಜಿಯವರೆಗೆ ಹಾಗೆ ಗೆರೆ ಎಳೆಯುತ್ತಿದ್ದ ಒಬ್ಬಳೇ ಒಬ್ಬಳನ್ನು ಮಗಳು ಬಲ್ಲಳು. ಆರು ತಿಂಗಳಿಂದ ಅಮ್ಮನನ್ನು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಿದ್ದೇವೆಂದು ಬರೆದವಳು ಅಮ್ಮನೇ.

* * *

ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಆಯಾ ಕೊನೆಯ ದರ್ಶನಕ್ಕೆ ಬಂದಾಗ ಅವಳಿಗೆ ಕಾಲು ಗಂಟೆಯ ಬಿಡುವು ಮಾತ್ರ ಇತ್ತು. ಮೇಟ್ರನ್ ಹಜಾರದಲ್ಲಿ ಸಂತಾಪ ಸ್ವೀಕರಿಸುತ್ತಿದ್ದದ್ದನ್ನು ಕಂಡು ಹಿಂದಿನ ಬಾಗಿಲಿಂದ ಕೋಣೆಗೆ ಬಂದಳು. ಬರೆದು ಕೊಡುತ್ತೇನೆಂದು ಮೇಟ್ರನ್ನಿಂದ ಹಾಳೆಯನ್ನೂ ಪಟ್ಟಿಯನ್ನೂ ಇಸಿದುಕೊಂಡು ಒಳಗೆ ಬಂದಿದ್ದ ಮಗಳು ಪಟ್ಟಿ ಮುಂದಿಟ್ಟಳು. ಆಯಾ ಓದುವ ಗೋಜಿಗೆ ಹೋಗಲಿಲ್ಲ.

ಮೊದಮೊದಲು ಇಬ್ಬರಿದ್ದೆವು, ಹೊತ್ತು ಹೊತ್ತಿಗೆ ತಿರುಗಿಸುತ್ತಿದ್ದೆವು ಎಂದಳು. ಒಮ್ಮೆ ನಾಲ್ಕು ಚೌಕ ಖಾಲಿ ಉಳಿದದ್ದಕ್ಕೆ ಇನ್ನೊಬ್ಬಳನ್ನು ಮನೆಗೆ ಕಳಿಸಿದರು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಮೂವತ್ತನಾಲ್ಕು ಜನಕ್ಕೆ ಒಬ್ಬಳೇ. ಆ ಹುಡುಗಿ ಎಲ್ಲಿಗೆ ಹೋದಳು ಎಂದು ಅಮ್ಮ ಕೇಳಿದ್ದರಂತೆ. ಖಾಲಿ ಚೌಕ ಸಿಕ್ಕಿದರೆ ಎಲ್ಲ ಕಡೆ ಹೀಗೇ ಅಲ್ಲವೇ, ನಮ್ಮಕ್ಕನೂ ಹಿಂದೆ ಹೀಗೇ ಕೆಲಸ ಕಳೆದುಕೊಂಡಳು ಎಂದು ಇವಳು ಹೇಳಿದ್ದಳು. ಅವತ್ತು ಅಮ್ಮ ಊಟ ಮಾಡಲಿಲ್ಲ. ಮಾರನೆಯ ದಿನ ಪಟ್ಟಿಯನ್ನೂ ಪೆನ್ನನ್ನೂ ಇಸಿದುಕೊಂಡರು.

“‘ಪಕ್ಕದ ಹಾಸಿಗೆಯವಳು ಒದ್ದೆಯಲ್ಲಿ ಮಲಗಿದಾಳೆ, ಅಲ್ಲಿಗೆ ಹೋಗು, ನನ್ನದು ನಾನು ಬರ್ಕೋತೀನಿ’ ಅನ್ನೋರು,” ಎಂದಳು ಆಯಾ. “ನಾನೂ ಬಿಟ್ಟೆ. ಬಾಯಿ ಬಿಡದವರ ಹತ್ತಿರ ಕೊನೇಲಿ ಹೋದರಾಯ್ತು ಅನ್ಸುತ್ತೆ. ಕೊನೆ ಬರೋಷ್ಟರಲ್ಲಿ ನನ್ನ ಪಾಳಿ ಮುಗಿದಿರೋದು.”

“ನೋವಿತ್ತಾ?”

ಆಯಾ ಸುಳ್ಳು ಹೇಳಬಹುದಿತ್ತು. ಮಗಳು ಅದನ್ನೇ ಬಯಸಿದ್ದಳು.

“ಇತ್ತು. ಭಾನುವಾರ ನೀವು ಬರೋ ಮೊದಲು ಎರಡು ಮಾತ್ರೆ ಕೇಳಿ ತಗೊಳ್ಳೋರು. ನಿಮ್ಮ ಮುಂದೆ ನರಳಬಾರದು ಅಂತ.”

ಮಗಳು ಗೋಡೆಗೆ ಒರಗಿದಳು. ಭಾನುವಾರಗಳಲ್ಲಿ ಅಮ್ಮನ ಕಣ್ಣು ಮಂಕಾಗಿರುತ್ತಿತ್ತು, ನಿದ್ದೆ ಚೆನ್ನಾಗಿ ಬರುತ್ತಿದೆ ಎಂದು ಅವಳು ಸಮಾಧಾನಪಟ್ಟುಕೊಂಡಿದ್ದಳು. ಏನಾದರೂ ತೊಂದರೆ ಇದೆಯಾ ಅಮ್ಮ ಎಂದು ಪ್ರತಿವಾರವೂ ಕೇಳಿದ್ದಳು, ಬಾಗಿಲಲ್ಲಿ ಮೇಟ್ರನ್ ನಿಂತಿರುವಾಗಲೇ ಕೇಳಿದ್ದಳು. ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಅಮ್ಮನ ಮೇಲೆ ಸಿಟ್ಟೂ ಬಂತು, ಹೆಣದ ಮುಂದೆ ನಿಂತು ಸಿಟ್ಟಾಗುವುದು ಸರಿಯಲ್ಲವೆಂದು ಗೊತ್ತಿದ್ದೂ ಬಂತು.

ಅವಳು ಅಭಿಪ್ರಾಯದ ಹಾಳೆಯನ್ನು ಕಲ್ಲಿನ ಮೇಜಿನ ಅಂಚಿನಲ್ಲಿಟ್ಟುಕೊಂಡಳು. ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಈ ಆಯಾಳ ಕೆಲಸ ಹೋಗುತ್ತದೆ, ಮೇಟ್ರನ್ ಕೈತೊಳೆದುಕೊಳ್ಳುತ್ತಾಳೆ. ಖಾಲಿ ಬಿಟ್ಟರೆ ಹೌದು ಎಂದೇ ಅರ್ಥ. ಉಳಿದದ್ದು ಒಂದೇ ದಾರಿ. ಈ ಸಹಿಗಳು ಆಯಾಳವಲ್ಲ, ನನ್ನ ತಾಯಿಯವು, ಹುಣ್ಣಿನ ಮೇಲೆ ಮಲಗಿದ್ದ ರೋಗಿಯೇ ಪಟ್ಟಿ ತುಂಬಿದರು, ಅವರನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ ಎಂದು ಬರೆಯುವುದು. ಬರೆಯತೊಡಗಿದಾಗ ಚಿಕ್ಕಮ್ಮ ಕೈ ಹಿಡಿದಳು.

“ಸುಳ್ಳು ಸಹಿ ಹಿಡಿದೇ ಹೆಸರು ಮಾಡಿದವಳು ಅವಳು. ನಾಳೆ ಊರೆಲ್ಲ ಅವಳೇ ಸುಳ್ಳು ಸಹಿ ಹಾಕಿದಳು ಅನ್ನುತ್ತೆ. ಮಣ್ಣಿಗೆ ಹೋಗೋ ದಿನ ಅಕ್ಕನ ಮುಖಕ್ಕೆ ಮಸಿ ಬಳೀತೀಯಾ?”

“ಮುಖ ಚೆನ್ನಾಗಿಯೇ ಇದೆ ಚಿಕ್ಕಮ್ಮ. ಬೆನ್ನು ನೋಡಿದ್ಯಲ್ಲ.”

ಚಿಕ್ಕಮ್ಮ ಕೈ ಬಿಟ್ಟಳು. ಮಗಳು ಹದಿನೇಳನೆಯ ಪ್ರಶ್ನೆಯ ಪಕ್ಕದ ಜಾಗ ಸಾಲದೆ ಹಾಳೆಯ ಹಿಂಬದಿಗೂ ಬರೆದು ತನ್ನ ಹೆಸರು ಹಾಕಿದಳು. ನಾಳೆ ಪರೀಕ್ಷಕರ ಕೈಗೆ ತಾನೇ ಕೊಡುತ್ತೇನೆಂದು ಮಡಚಿ ಇಟ್ಟುಕೊಂಡಳು. ನನ್ನನ್ನು ಕೇಳಿದರೆ ನಾನೂ ಹೇಳುತ್ತೇನೆ ಎಂದು ಆಯಾ ನೆಲ ನೋಡುತ್ತ ಹೇಳಿದಳು. ಹೇಳುತ್ತಾಳೋ ಇಲ್ಲವೋ, ಮಗಳಿಗೆ ಖಾತ್ರಿ ಇರಲಿಲ್ಲ.

ಪೆಟ್ಟಿಗೆಯವನು ಬಾಗಿಲು ತಟ್ಟಿ, ಹೊತ್ತಾಯಿತು, ಎತ್ತಿ ಮಲಗಿಸೋಣವೇ ಎಂದ. ಮಗಳು ಹೂಂ ಎಂದಳು. ಅವನೂ ಅವನ ಜೊತೆಗಾರನೂ ದೇಹವನ್ನು ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದರು. ಅಂಗಾತ ಮಲಗಿದ ಅಮ್ಮನ ಕೈಗಳನ್ನು ಎದೆಯ ಮೇಲೆ ಜೋಡಿಸಿದರು. ಆಗ ಮಗಳು ಬೇಡ ಎಂದಳು.

“ಬೆನ್ನ ಮೇಲೆ ಬೇಡ. ಮಗ್ಗುಲಿಗೆ ಮಲಗಿಸಿ.”

ಪೆಟ್ಟಿಗೆಯವನು ಈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಹಾಗೆ ಯಾರೂ ಮಲಗಿಸುವುದಿಲ್ಲಮ್ಮ, ಜನಕ್ಕೆ ಮುಖ ಕಾಣುವುದಿಲ್ಲ ಎಂದು ನಯವಾಗಿ ತಿಳಿಹೇಳಿದ. ಮಗಳು ಅದೇ ಮಾತನ್ನು ಮತ್ತೆ ಹೇಳಿದಳು. ಅವನು ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಅವಳು ಹೇಳಿದ ಹಾಗೇ ಮಾಡಿ ಎಂದಳು.

ಅವರಿಬ್ಬರಿಗೂ ಹೇಗೆಂದು ತಿಳಿಯಲಿಲ್ಲ. ಎಡಗೈ ಅಡಿಗೆ ಸಿಕ್ಕಿಕೊಂಡಿತು, ದೇಹ ಮತ್ತೆ ಅಂಗಾತವಾಯಿತು. ಆಯಾ ಅವರನ್ನು ಸರಿಸಿ ಮುಂದೆ ಬಂದಳು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಒಂದೇ ಸಲಕ್ಕೆ ತಿರುಗಿಸಿದಳು. ಅಡಿಯ ಕೈಯನ್ನು ಬಿಡಿಸಿ ಕೆನ್ನೆಯ ಹತ್ತಿರ ಇಟ್ಟಳು. ಮಂಡಿ ತುಸು ಮಡಿಸಿ ನಡುವೆ ಸುತ್ತಿದ ಟವೆಲ್ ಇಟ್ಟಳು, ದೇಹ ಹಿಂದಕ್ಕೆ ಹೊರಳದಂತೆ ಹೆಗಲ ಹಿಂದೆ ಹೊದಿಕೆಯೊಂದನ್ನು ಸುರುಳಿ ಮಾಡಿ ಒತ್ತಿದಳು. ಅಡಿಯ ಬಟ್ಟೆಯ ಸುಕ್ಕುಗಳನ್ನು ಅಂಗೈಯಿಂದ ಒಂದೊಂದಾಗಿ ಬಿಡಿಸಿದಳು. ಅವಳ ಕಾಲು ಗಂಟೆ ಯಾವಾಗಲೋ ಮುಗಿದಿತ್ತು.

ಪೆಟ್ಟಿಗೆಯನ್ನು ಹಜಾರಕ್ಕೆ ತಂದು, ಗೋಡೆಯಿಂದ ಎರಡಡಿ ಬಿಟ್ಟು ತಗ್ಗಿನ ಮಣೆಯ ಮೇಲೆ ಇಟ್ಟರು. ಅಮ್ಮನ ಮುಖ ಗೋಡೆಯ ಕಡೆಗಿತ್ತು. ಸಾಲಾಗಿ ಎದ್ದು ಬಂದವರಿಗೆ ಕಂಡದ್ದು ಬಾಚಿದ ನರೆಗೂದಲು, ಕತ್ತು, ಉದ್ದನೆಯ ಬೆನ್ನು. ಡ್ರೈವರ್ ಒಂದು ಗಳಿಗೆ ತಬ್ಬಿಬ್ಬಾಗಿ ನಿಂತ. ಆಮೇಲೆ ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡಲಾಗಿ ನುಸುಳಿ ಹೋಗಿ, ಅಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ನೋಡಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೋಗಿ ಕುಕ್ಕರಿಸಿದರು. ಮೇಟ್ರನ್ ಮಾತ್ರ ಹೂ ಹಿಡಿದುಕೊಂಡು ಈಚೆ ಬದಿಯಲ್ಲೇ, ಆ ಬೆನ್ನಿನ ಎದುರು ನಿಂತಿದ್ದಳು.