ಹನ್ನೆರಡು ಪದಗಳ ಲಕೋಟೆ

ದೇವರಾಯಸಮುದ್ರದ ಕದಿರಪ್ಪನ ಕೈಗೆ ತಮ್ಮ ಮುನಿಕೃಷ್ಣ ಆ ಲಕೋಟೆ ಕೊಟ್ಟದ್ದು ಐದು ವರ್ಷದ ಹಿಂದೆ. ಅಂಟು ಹಾಕಿ ಮುಚ್ಚಿದ, ಅಂಗೈಯಗಲದ ಲಕೋಟೆ. ಮಾಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮುನಿಕೃಷ್ಣ ಸಂಬಳದಲ್ಲಿ ಉಳಿದದ್ದನ್ನು ಬಿಟ್‌ಕಾಯಿನ್‌ಗೆ ಹಾಕುತ್ತಾನೆಂದು ಮನೆಯವರು ಕೇಳಿದ್ದರು. ಅದೇನೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಲಕೋಟೆಯನ್ನು ಬೀರುವಿನಲ್ಲಿ ಇಟ್ಟಿರು, ಯಾರಿಗೂ ಕೊಡಬೇಡ ಎಂದಷ್ಟೇ ಹೇಳಿದ. ಕದಿರಪ್ಪನೂ ಕೆದಕಲಿಲ್ಲ. ತಮ್ಮ ತನ್ನನ್ನು ನಂಬಿ ಕೊಟ್ಟನಲ್ಲ ಎಂಬ ಹೆಮ್ಮೆಯಲ್ಲಿ ಹೊಲದ ಪತ್ರಗಳ ಕೆಳಗೆ ಇಟ್ಟ.

ಎರಡು ವರ್ಷ ಅದು ಅಲ್ಲೇ ಇತ್ತು. ಆಮೇಲೆ ಅವ್ವನ ತಿಥಿಯ ದಿನ ಬಂತು. ಪಾಳಿ ಮುಗಿಸಿ ಹೊರಟ ಮುನಿಕೃಷ್ಣ, ರೈಲು ತಡವಾಗಿ, ಬಸ್ಸೂ ತಪ್ಪಿ, ಎಡೆ ಇಟ್ಟಾದ ಮೇಲೆ ಮನೆ ಮುಟ್ಟಿದ. ಹೆತ್ತವಳಿಗಿಂತ ನಿನಗೆ ದುಡಿಮೆಯೇ ಹೆಚ್ಚಾಯಿತೇ ಎಂದು ಕದಿರಪ್ಪ ನೆಂಟರ ಎದುರಿಗೇ ಅಂದುಬಿಟ್ಟ. ಮುನಿಕೃಷ್ಣ ಉಣ್ಣದೆ ಹಿಂತಿರುಗಿದ.

ತಿಂಗಳು ಕಳೆದರೂ ಫೋನು ಬರಲಿಲ್ಲ. ಒಂದು ಬೆಳಗ್ಗೆ ಪಹಣಿ ಹುಡುಕುವಾಗ ಲಕೋಟೆ ಕೈಗೆ ಸಿಕ್ಕಿತು. ಅವನ ವಸ್ತು ಕಾಯಲು ನಾನೇನು ಅವನ ಆಳೇ ಎನ್ನುತ್ತ ಕದಿರಪ್ಪ ಅದನ್ನು ಹಿತ್ತಲಿಗೆ ಒಯ್ದು ನೀರೊಲೆಗೆ ಹಾಕಿದ. ಬೇಡ, ಅವನಿಗೇ ವಾಪಸು ಕೊಡಿ ಎಂದು ಹೆಂಡತಿ ವೆಂಕಟರತ್ನಮ್ಮ ಓಡಿಬರುವಷ್ಟರಲ್ಲಿ ಕಾಗದದ ಅಂಚು ಹತ್ತಿಕೊಂಡಿತ್ತು. ಕೋಲಿನಿಂದ ಈಚೆಗೆ ಎಳೆಯಬಹುದಿತ್ತು. ಎಳೆಯಲಿಲ್ಲ.

ಈ ವರ್ಷ ಜೂನ್‌ನಲ್ಲಿ, ಕದಿರಪ್ಪ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದಾಗ, ಮುನಿಕೃಷ್ಣ ತೋಟಕ್ಕೇ ಬಂದ. ಕೂದಲು ನೆರೆತಿತ್ತು. ಬದುವಿನ ಮೇಲೆ ಕೂತು ಜೇಬಿನಿಂದ ಪೆನ್‌ಡ್ರೈವ್‌ನಂಥ ಪುಟ್ಟ ಯಂತ್ರ ತೆಗೆದ. ತನ್ನ ಬಿಟ್‌ಕಾಯಿನ್‌ನ ಬೀಗದಕೈ ಇದರೊಳಗಿತ್ತು ಎಂದ. ಎರಡು ವರ್ಷದಿಂದ ಮುಟ್ಟಿರಲಿಲ್ಲವಂತೆ. ಮಗಳು ಸಹನಳ ಕಾಲೇಜಿಗೆಂದು ತೆರೆಯಲು ಹೋದರೆ ಪಿನ್ ಮರೆತಿತ್ತು. ಮೂರು ಸಲ ತಪ್ಪು ಒತ್ತಿದ್ದಕ್ಕೆ ಯಂತ್ರ ಒಳಗಿನದನ್ನೆಲ್ಲ ತಾನೇ ಅಳಿಸಿಕೊಂಡಿತು. ಅದಕ್ಕೇನೂ ಹೆದರಬೇಕಿಲ್ಲ, ಮೊದಲ ದಿನ ಅದು ತೋರಿಸಿದ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳನ್ನು ಅದೇ ಕ್ರಮದಲ್ಲಿ ಮತ್ತೆ ಒತ್ತಿದರೆ ಎಲ್ಲ ವಾಪಸು ಬರುತ್ತದೆ ಎಂದೂ ವಿವರಿಸಿದ. ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಕಳ್ಳರ ಪಾಲಾದೀತೆಂದು ಕೈಯಲ್ಲೇ ಬರೆದಿದ್ದ. ಒಬ್ಬರ ಕೈಗೆ ಪೂರ್ತಿ ಸಿಗದಿರಲೆಂದು ಎರಡು ಭಾಗ ಮಾಡಿದ್ದ. ಮೊದಲ ಹನ್ನೆರಡು ಪದ ಅವನ ಬಳಿಯೇ ಇದ್ದವು.

"ಮಿಕ್ಕಿದ್ದು ನಿನ್ನತ್ರ ಐತಲ್ಲಣ್ಣ, ಆ ಕವರಲ್ಲಿ."

ಕದಿರಪ್ಪ ಕುಡುಗೋಲು ಕೆಳಗಿಟ್ಟ. ಇಲಿ ಕಡಿಯಿತು ಅನ್ನಲೇ ಎಂದು ಒಂದು ಕ್ಷಣ ಹೊಳೆಯಿತು. ತಮ್ಮನ ಮುಖ ನೋಡಿ ಆಗಲಿಲ್ಲ.

"ಸುಟ್ಟಾಕ್ಬಿಟ್ಟೆ ಕಣೋ. ಕೋಪದಲ್ಲಿ, ಬೇಕಂತ್ಲೇ."

ಮುನಿಕೃಷ್ಣ ಯಂತ್ರವನ್ನು ಜೇಬಿಗೆ ಹಾಕಿಕೊಂಡ. "ಬಿಚ್ಚಿ ನೋಡಿದ್ಯಾ?"

"ಇಲ್ಲ. ನಂಬಿ ಕೊಟ್ಟಿದ್ದು, ಹೆಂಗ್ ಬಿಚ್ಚಲಿ?"

ಹೇಳಿದ ಮೇಲೆ ಆ ಮಾತಿಗೆ ಅವನಿಗೇ ನಾಚಿಕೆಯಾಯಿತು. ಮನೆಗೆ ಬಂದು ಮುನಿಕೃಷ್ಣ ಕಾಗದ ಪೆನ್ನು ಹಿಡಿದು ಕೂತ. ಸಂಜೆಯವರೆಗೂ ನೆನಪಾದದ್ದು ನಾಲ್ಕು ಪದ. ಅವುಗಳ ಕ್ರಮವೂ ಖಾತ್ರಿಯಿಲ್ಲ. ಅಷ್ಟರಿಂದ ಏನೂ ಆಗುವುದಿಲ್ಲ, ಯಾವ ಕಚೇರಿಗೆ ಅಲೆದರೂ ತೆರೆದುಕೊಡುವವರಿಲ್ಲ ಎಂದು ಕಾಗದ ಮಡಿಸಿದ.

"ನಂದೂ ತಪ್ಪೈತಣ್ಣ. ಪೂರ್ತಿ ಬರೆದು ಎರಡು ಕಡೆ ಇಡ್ಬೇಕಿತ್ತು. ಅದೇನು ಅಂತ ನಿಂಗಾದ್ರೂ ಹೇಳ್ಬೇಕಿತ್ತು."

ಬೈದಿದ್ದರೆ ಕದಿರಪ್ಪನಿಗೆ ಹಗುರಾಗುತ್ತಿತ್ತು. ರೇಷ್ಮೆಗೂಡು ಮಾರಿ ಬಂದದ್ದನ್ನು ಸಹನಳಿಗೆ ಕೊಡುತ್ತೇನೆಂದ. ಮುನಿಕೃಷ್ಣ ಬೇಡವೆಂದು ತಲೆಯಾಡಿಸಿದ. ಸಹನ ತಾನು ಬಯಸಿದ್ದ ಕಾಲೇಜು ಬಿಟ್ಟು ಕೋಲಾರದಲ್ಲೇ ಸೇರಿದಳು.

ಈಗ ಅಣ್ಣತಮ್ಮಂದಿರ ನಡುವೆ ಮಾತಿದೆ. ಮೊನ್ನೆ ಫೋನಿನಲ್ಲಿ ಮುನಿಕೃಷ್ಣ, ಯಂತ್ರವನ್ನು ಹೊಸದಾಗಿ ಸಜ್ಜು ಮಾಡಿದೆ ಎಂದ. ಅದು ಕೊಟ್ಟ ಹೊಸ ಪದಗಳನ್ನು ಬರೆದಿಟ್ಟು, ದುಡ್ಡು ಹಾಕುವ ಮೊದಲೇ ಬೇಕೆಂದೇ ಅಳಿಸಿ, ಆ ಪದಗಳಿಂದ ಮತ್ತೆ ತೆರೆದು ನೋಡಿದ್ದಾನಂತೆ. ಪದಗಳನ್ನು ಸ್ಟೀಲ್ ತಗಡಿನ ಮೇಲೆ ಕೊರೆಸಿ ಎರಡು ಕಡೆ ಇಟ್ಟಿದ್ದಾನಂತೆ. ಯಾವ ಎರಡು ಕಡೆ ಎಂದು ಅವನು ಹೇಳಲಿಲ್ಲ. ಕದಿರಪ್ಪ ಕೇಳಲೂ ಇಲ್ಲ. ಒಳ್ಳೇದು ಮಾಡ್ದೆ ಅಂದು, ಫೋನು ಹೆಂಡತಿಯ ಕೈಗೆ ಕೊಟ್ಟು ಹಿತ್ತಲಿಗೆ ಹೋದ.