ನೋಡುತ್ತಿರುವವರು: ಒಬ್ಬರು

ನಾನು ಒಂದು ಕಂಪ್ಯೂಟರ್. ನನ್ನ ಹುಟ್ಟಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ತುಮಕೂರಿನ ಒಂದು ಮಹಡಿ ಮೇಲಿನ ಅಂಗಡಿಯಲ್ಲಿ ಚಿದಾನಂದ ಎಂಬ ಮೆಕ್ಯಾನಿಕ್ಕು ಒಂದರ ಬೋರ್ಡು, ಮತ್ತೊಂದರ ಫ್ಯಾನು, ಮೂರನೆಯದರ ಡಬ್ಬ ಸೇರಿಸಿ ಸ್ಕ್ರೂ ಬಿಗಿದ. ಒಂದು ಸ್ಕ್ರೂ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡು, 'ಇದಿಲ್ದೆನೂ ನಡೆಯುತ್ತೆ' ಎಂದ. ನಡೆಯಿತು.

ನನ್ನ ಮೊದಲ ಮನೆ ಸದಾಶಿವಯ್ಯನವರ ವಧೂವರರ ಕೇಂದ್ರ. ಗಂಡಿನ ಜಾತಕ ಒಂದು ಕಡೆ, ಹೆಣ್ಣಿನದು ಒಂದು ಕಡೆ ಹಾಕಿದರೆ ಮೂವತ್ತಾರಕ್ಕೆ ಎಷ್ಟು ಗುಣ ಕೂಡುತ್ತವೆ ಎಂದು ನಾನು ಹೇಳಬೇಕು. ಹದಿನೆಂಟಕ್ಕಿಂತ ಕಡಿಮೆಯಾದರೆ ಹೊರಗೆ. ಅಳುವ ಹುಡುಗಿಯಾಗಲಿ, ಕೈಮುಗಿಯುವ ತಂದೆಯಾಗಲಿ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ದಿನ ನನ್ನನ್ನು ಮಾಡಿದವನ ಜಾತಕವೇ ಬಂತು. ಗುಬ್ಬಿಯ ಹೇಮಲತಾ ಎಂಬವರ ಜಾತಕದ ಜೊತೆ ಹಾಕಿದರು. ಇಪ್ಪತ್ತೇಳು ಎಂದೆ. 'ಇಪ್ಪತ್ತೇಳು ಅಂದ್ರೆ ಫಸ್ಟ್ ಕ್ಲಾಸ್ ಕಣಯ್ಯಾ' ಎಂದು ಸದಾಶಿವಯ್ಯ ಚಿದಾನಂದನ ಬೆನ್ನು ತಟ್ಟಿದರು.

ಜನ ಫೋನಿನಲ್ಲೇ ಸೊಸೆಯಂದಿರನ್ನು ಹುಡುಕತೊಡಗಿದ ಮೇಲೆ ಕೇಂದ್ರಕ್ಕೆ ಬೀಗ ಬಿತ್ತು. ಚಿದಾನಂದ ನನ್ನನ್ನು ಮನೆಗೆ ತಂದು, ಒಳಕೋಣೆಯ ಮೇಜಿನ ಕೆಳಗೆ ಇಟ್ಟು, ಸರ್ವರ್ ಎಂದು ಬಡ್ತಿ ಕೊಟ್ಟ.

ಕೆಲಸ ಇಷ್ಟೇ. ಟೀವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುವ ಹಳೇ ವಿಡಿಯೋ ಗೇಮುಗಳ ಹುಚ್ಚು ಹಿಡಿದ ನಲವತ್ತು ಜನರ ಒಂದು ಬಳಗ. ಅವರವರ ಮನೆಯಲ್ಲಿ ಅವರವರು ಆಡುತ್ತಾರೆ. ಆ ಆಟ, ಆಡುವವರ ಮುಖ ತೋರಿಸುವ ಕ್ಯಾಮೆರಾ ಚಿತ್ರದ ಸಮೇತ, ನನ್ನ ಮೂಲಕ ಹಾದು, ನೋಡುವವರ ಫೋನಿಗೆ ನೇರ ಪ್ರಸಾರವಾಗುತ್ತದೆ. ಯಾರ ಆಟವನ್ನು ಎಷ್ಟು ಜನ ನೋಡುತ್ತಿದ್ದಾರೆ ಎಂದು ನಾನು ಎಣಿಸಿ, ಗಂಟೆ ನಿಮಿಷ ಸಮೇತ ಬರೆದಿಡುತ್ತೇನೆ.

ಚಿದಾನಂದನ ಬೆಳಗು ಕಾಫಿಗಿಂತ ಮೊದಲು ನನ್ನಿಂದ ಶುರು. ಬಗ್ಗಿ ಫ್ಯಾನಿಗೆ ಕಿವಿಗೊಡುತ್ತಾನೆ, ಧೂಳು ಒರೆಸುತ್ತಾನೆ. ಅಷ್ಟರಲ್ಲಿ ಫೋನು. 'ಚಿದಣ್ಣ, ಚಿತ್ರ ನಿಂತ್ ನಿಂತ್ ಬರ್ತಿದೆ, ಸ್ವಲ್ಪ ನೋಡಣ್ಣಾ.' ಇನ್ನೊಬ್ಬನಿಗೆ ಸದ್ದಿಲ್ಲ. ಮತ್ತೊಬ್ಬನ ಕ್ಯಾಸೆಟ್ ಓಡುತ್ತಿಲ್ಲ. 'ಊದಬೇಡ ಕಣಯ್ಯಾ, ಉಗುಳು ಬಿದ್ದು ತುಕ್ಕು ಹಿಡಿಯುತ್ತೆ. ಪೆನ್ಸಿಲ್ ಅಳಿಸೋ ರಬ್ಬರಿಂದ ಉಜ್ಜು' ಎನ್ನುತ್ತಾನೆ. ಅಂಗಡಿಗೆ ಹೋಗಿ ಬಂದ ಮೇಲೆ ಮತ್ತೆ ಅದೇ. ಅವನದೇ ಆಟದ ಪೆಟ್ಟಿಗೆ ಮಾತ್ರ ಟೀವಿಯ ಪಕ್ಕದಲ್ಲಿ, ಹೇಮಲತಾ ಹಳೇ ಸೀರೆಯಲ್ಲಿ ಹೊಲಿದ ಗವಸು ಹೊದ್ದು ಮಲಗಿರುತ್ತಿತ್ತು. 'ಎಲ್ರನ್ನೂ ಆಡಿಸ್ತೀರಿ, ನೀವ್ಯಾವಾಗ ಆಡೋದು?' ಎಂದು ಅವಳು ಕೇಳಿದರೆ, 'ನಾಳೆ' ಎನ್ನುತ್ತಿದ್ದ. ಹೀಗೆ ಆರು ವರ್ಷ.

ಅವನೊಳಗೆ ಒಂದು ಮುಳ್ಳಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ, ಬಸ್ ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಯಲ್ಲಿ, ಎಂಟು ಹಂತದ ಒಂದು ಆಟವನ್ನು ಒಂದೇ ಜೀವದಲ್ಲಿ ಮುಗಿಸಿದ್ದನಂತೆ. ನೋಡಿದ್ದು ಅಂಗಡಿಯವನೊಬ್ಬನೇ. ಅವನು ತೀರಿಹೋದ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹೇಳಿದಾಗಲೆಲ್ಲ ಉತ್ತರವಾಗಿ ಒಂದು ನಗುವ ಗೊಂಬೆ ಬರುತ್ತಿತ್ತು. ಬಳಗದ ದಾಖಲೆ ಪಟ್ಟಿಯಲ್ಲಿ ಆ ಆಟದ ಮುಂದೆ ಯಾರ ಹೆಸರೂ ಇರಲಿಲ್ಲ. ಮೊದಲಿಂದ ಕೊನೆತನಕ ಆಟ ವಿಡಿಯೋ ಆಗಿ ನನ್ನಲ್ಲಿ ಮುದ್ರಣವಾಗಿದ್ದರೆ ಮಾತ್ರ ಹೆಸರು ಏರುತ್ತದೆ ಎಂಬ ನಿಯಮವನ್ನು ಅವನೇ ಮಾಡಿದ್ದ.

ಇನ್ನೊಂದು ನಿಯಮವೂ ಅವನದೇ. ಅರಸೀಕೆರೆಯ ಸದಸ್ಯರೊಬ್ಬರು ಪ್ರಸಾರ ಆರಿಸದೆ ನಾಮಕರಣಕ್ಕೆ ಹೋಗಿಬಿಟ್ಟರು. ಮೂರು ದಿನ ನಾನು ಅವರ ಖಾಲಿ ಕುರ್ಚಿಯನ್ನು ಮುದ್ರಿಸಿಕೊಂಡು ಹೊಟ್ಟೆ ಉಬ್ಬಿ ನಿಂತುಹೋದೆ. ಆಗ ಚಿದಾನಂದ ನನಗೆ ಬರೆದುಕೊಟ್ಟ: ಹತ್ತು ನಿಮಿಷ ಯಾರೂ ನೋಡದಿದ್ದರೆ ಪ್ರಸಾರ ನಿಲ್ಲಿಸು, ಮುದ್ರಣ ಅಳಿಸು. ಬಳಗದ ತಾರೆ ಶಶಾಂಕ, ಕ್ಯಾಸೆಟ್ ಹಿಡಿಯುವುದನ್ನೂ ಚಿದಾನಂದನಿಂದಲೇ ಕಲಿತವನು, 'ಅಣ್ಣಾ, ನಿಮ್ದೊಂದು ಹೆಸರು ಬಿಟ್ಬಿಡಿ ಅದ್ರಿಂದ' ಎಂದ. 'ರೂಲ್ ಅಂದ್ಮೇಲೆ ಎಲ್ರಿಗೂ ಒಂದೇ ಕಣಪ್ಪಾ' ಎಂದು ಚಿದಾನಂದ ಎದೆ ಸೆಟೆಸಿದ. ಎದೆ ಸೆಟೆಸಲು ಅವನಿಗೆ ಬೇರೆ ಸಂದರ್ಭಗಳು ಹೆಚ್ಚಿರಲಿಲ್ಲ.

ಕೊನೆಗೂ ಆ ನಾಳೆ ಬಂತು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಡುತ್ತೇನೆಂದು ಬಳಗಕ್ಕೆ ತಿಳಿಸಿದ. ಮೂವತ್ತೊಂದು ಹೆಬ್ಬೆರಳುಗಳು ಬಂದವು. ಹೇಮಲತಾ ಅಕ್ಕನ ಮಗಳ ಸೀಮಂತಕ್ಕೆ ಗುಬ್ಬಿಗೆ ಹೊರಟಿದ್ದಳು.

'ಹೇಮಾ, ಲಿಂಕ್ ಕಳ್ಸಿದೀನಿ. ಓಪನ್ ಮಾಡಿ ಸುಮ್ನೆ ಪಕ್ಕದಲ್ಲಿಟ್ಕೊ, ಸಾಕು.'

'ಸುಮ್ನೆ ಯಾಕಿಟ್ಕೊಳ್ಳಿ? ನೋಡ್ತೀನಿ ಬಿಡಿ. ಬೈಕೊಂಡು ಆಡ್ಬೇಡಿ, ಅಲ್ಲಿ ಎಲ್ಲಾ ಇರ್ತಾರೆ.'

ಅವನು ಗವಸು ತೆಗೆದ. ಎಣಿಕೆ ಕಂಡರೆ ಗಮನ ತಪ್ಪುತ್ತದೆಂದು ಪರದೆಯಲ್ಲಿ ಅದು ಕಾಣುವ ಮೂಲೆಗೆ ಕ್ಯಾಲೆಂಡರಿನ ಚೂರು ಅಂಟಿಸಿದ. ಆಟ ಶುರುವಾಯಿತು. ಅದೇ ಹೊತ್ತಿಗೆ ಶಶಾಂಕನೂ ಪ್ರಸಾರ ತೆರೆದ. ಬಳಗದ ಹೊರಗಿನವರೂ ಸೇರಿ ಅವನಿಗೆ ಇನ್ನೂರ ಹನ್ನೆರಡು ಜನ. ಚಿದಾನಂದನಿಗೆ ಅರಸೀಕೆರೆಯವರು ಎರಡು ನಿಮಿಷ ಇದ್ದು ಹೋದರು. ಉಳಿದದ್ದು ಒಬ್ಬರು: ಗುಬ್ಬಿಯಲ್ಲಿ ಹೇಮಲತಾಳ ಫೋನು.

ಹನ್ನೊಂದು ಹದಿನಾಲ್ಕಕ್ಕೆ ಅದೂ ಹೋಯಿತು. ಬ್ಯಾಟರಿಯೋ, ಯಾರಾದರೂ ಫೋಟೋ ತೆಗೆಯಲು ಕೇಳಿದರೋ, ಬೇಸರವೋ. ಸಮಯ ಬರೆಯಲು ನನ್ನಲ್ಲಿ ಜಾಗವಿದೆ, ಕಾರಣ ಬರೆಯಲು ಇಲ್ಲ. ಹನ್ನೊಂದು ಇಪ್ಪತ್ನಾಲ್ಕಕ್ಕೆ ನನಗೆ ಹೇಳಿದ ಕೆಲಸ ಮಾಡಿದೆ. ನಿಲ್ಲಿಸಿದೆ. ಅಳಿಸಿದೆ.

ನಿಂತಿತೆಂಬ ಸೂಚನೆಯೂ ಆ ಕ್ಯಾಲೆಂಡರಿನ ಚೂರಿನ ಕೆಳಗೇ ಉಳಿಯಿತು, ಅವನು ಆಡುತ್ತಲೇ ಇದ್ದ. ಮುಖ ತೋರಿಸಲು ಇಟ್ಟ ಕ್ಯಾಮೆರಾ ಪ್ರಸಾರವಿಲ್ಲದಿದ್ದರೂ ನನಗೆ ಕಾಣಿಸುತ್ತದೆ. ಆರನೇ ಹಂತದಲ್ಲಿ ಉಸಿರು ಹಿಡಿದಿದ್ದ. ಎಂಟನೆಯದರಲ್ಲಿ ಕಣ್ಣು ರೆಪ್ಪೆ ಬಡಿಯಲಿಲ್ಲ. ಹನ್ನೆರಡೂ ಐದಕ್ಕೆ, ಒಂದೇ ಜೀವದಲ್ಲಿ, ಮುಗಿಸಿದ. ನಲವತ್ತೈದು ವರ್ಷದ ಮನುಷ್ಯ ಎದ್ದು ನಿಂತು ಕ್ಯಾಮೆರಾಕ್ಕೆ ಕೈಮುಗಿದ. 'ಗೆಳೆಯರೇ, ಆಗ ನೀವ್ಯಾರೂ ನಂಬಲಿಲ್ಲ. ಬೇಜಾರಿಲ್ಲ. ಈಗ ನೋಡಿದ್ರಲ್ಲ' ಎಂದ. ಅಂಗಡಿಯವನನ್ನು ನೆನೆದ. ಹೇಮಲತಾಳಿಗೆ ವಂದನೆ ಹೇಳಿದ. ಆಮೇಲೆ ಕ್ಯಾಲೆಂಡರಿನ ಚೂರು ಕಿತ್ತ.

ನನ್ನ ದಿನಚರಿ ತೆರೆದು ಸಾಲು ಸಾಲಾಗಿ ಓದಿದ. ಹನ್ನೊಂದು ಹದಿನಾಲ್ಕರ ಮುಂದೆ ಬೆರಳು ನಿಲ್ಲಿಸಿದ.

ಗೆದ್ದೆನೆಂದು ಅವನು ಹಾಕಿದ್ದಕ್ಕೆ ಬಳಗದಲ್ಲಿ ಶಶಾಂಕ ಬರೆದ: 'ನಂಬ್ತೀನಣ್ಣ, ಆದ್ರೆ ವಿಡಿಯೋ ಇಲ್ದೆ ಹೆಂಗೆ? ರೂಲ್ ನಿಮ್ದೇ ಅಲ್ವಾ.' ಪಕ್ಕದಲ್ಲಿ ಅದೇ ನಗುವ ಗೊಂಬೆ.

ಸಂಜೆ ಹೇಮಲತಾ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದಳು.

'ನೋಡಿದ್ಯಾ?'

'ಹ್ಞೂಂ ರೀ, ಪೂರ್ತಿ. ಕೊನೇಲಿ ಗೆದ್ರಲ್ಲ! ಅಕ್ಕಂಗೂ ತೋರ್ಸಿದೆ.'

ಅವನು ಡಬ್ಬಿಯ ಮುಚ್ಚಳ ತೆಗೆಯುತ್ತ, 'ಹೂಂ, ಗೆದ್ದೆ' ಎಂದ. ಒಬ್ಬಟ್ಟು ತಿಂದ. ಅವಳು ತುಪ್ಪ ಹಾಕಿದಳು. ಮುದ್ರಣವಿಲ್ಲದ ಸಂಗತಿ ಅವಳಿಗೆ ಹೇಳಲೇ ಇಲ್ಲ. ಹೇಳಿದರೆ ಹನ್ನೊಂದು ಹದಿನಾಲ್ಕನ್ನೂ ಹೇಳಬೇಕಾಗುತ್ತಿತ್ತು.

ನಿಯಮವನ್ನಾದರೂ ಬದಲಿಸಬಹುದಿತ್ತು. ಬದಲಿಸಲಿಲ್ಲ. ಗಾಜು ಒಡೆದ ಹಳೇ ಫೋನೊಂದನ್ನು ಚಾರ್ಜರಿಗೆ ಸಿಕ್ಕಿಸಿ, ಗೋಡೆಗೆ ಒರಗಿಸಿ, ತನ್ನ ಪ್ರಸಾರವನ್ನು ಅದರಲ್ಲಿ ತೆರೆದಿಟ್ಟ. ಅಂದಿನಿಂದ ಅವನು ದಿನವೂ ಆಡಿದ, ದಿನವೂ ಎಣಿಕೆ ಒಂದು. ಆಟದ ಮೇಲೆ ಕಣ್ಣಿಡುವ ಬದಲು ಆ ಒಂದರ ಮೇಲೇ ಕಣ್ಣು. ಆರನೇ ಹಂತ ದಾಟಲೇ ಇಲ್ಲ. ಆದರೆ ನೋಡುವವರೊಬ್ಬರು ಇದ್ದಾರಲ್ಲ, ಎಲ್ಲ ಸೋಲುಗಳೂ ನನ್ನಲ್ಲಿ ಅಚ್ಚಾಗಿ ಉಳಿದವು.

ಆ ಮುದ್ರಣಗಳಲ್ಲಿ ಅವನ ಭುಜದ ಹಿಂದೆ ಬಾಗಿಲು ಕಾಣುತ್ತದೆ. ಸೀಮಂತವಾಗಿ ಹತ್ತು ದಿನಕ್ಕೆ ಹೇಮಲತಾ ಆ ಬಾಗಿಲಲ್ಲಿ ಬಂದು ನಿಂತಳು, ಮಡಿಸಿದ ಬಟ್ಟೆಯ ಸಮೇತ. ಮರುದಿನವೂ ಬಂದಳು. ಆಮೇಲೆ ದಿನಾ. ಮೊದಲು ಎರಡು ನಿಮಿಷ, ಬರಬರುತ್ತ ಪೂರ್ತಿ. ಅವನು ಸತ್ತಾಗ, ಆಟದಲ್ಲಿ, 'ಅಯ್ಯೋ' ಎನ್ನುತ್ತಿದ್ದಳು. ಅವನ ಕಿವಿಗೆ ಹೆಡ್‌ಫೋನು. ನನ್ನ ಎಣಿಕೆ ಫೋನುಗಳದ್ದು. ಬಾಗಿಲಲ್ಲಿ ನಿಂತವರನ್ನು ಸೇರಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅವಳ ಮುಖ ಅವನ ಪರದೆಯಲ್ಲೇ ಇತ್ತು, ಎಣಿಕೆಯಿಂದ ನಾಲ್ಕು ಬೆರಳು ಆಚೆಗೆ.

ಮಳೆಗಾಲ ಕಳೆಯುವಷ್ಟರಲ್ಲಿ ಅವನು ಆಟದ ಪೆಟ್ಟಿಗೆಗೆ ಗವಸು ಹಾಕಿದ. ಬಳಗದ ಪ್ರಸಾರವನ್ನು ಎಲ್ಲೋ ದೂರದ ಬಾಡಿಗೆ ಯಂತ್ರಕ್ಕೆ ವರ್ಗಾಯಿಸಿದ. ಹತ್ತು ನಿಮಿಷದ ನಿಯಮವನ್ನೂ ಅಕ್ಷರ ಬಿಡದೆ ಅಲ್ಲಿಗೆ ಬರೆದ. ಸೋಲುಗಳನ್ನು ಮಾತ್ರ ಕೊಂಡೊಯ್ಯಲಿಲ್ಲ. ಒಮ್ಮೆಯೂ ತೆರೆದು ನೋಡಲೂ ಇಲ್ಲ.

ನನ್ನನ್ನು ಗುಜರಿಗೆ ತಂದವಳು ಹೇಮಲತಾ, ಸ್ಕೂಟರಿನ ಮುಂದಿಟ್ಟುಕೊಂಡು. 'ಒಳಗೇನಾದ್ರೂ ಇದ್ಯೇನಮ್ಮಾ, ಬೇಕಾದ್ದು?' ಎಂದು ಗುಜರಿಯವನು ಕೇಳಿದ. 'ಏನಿರುತ್ತೆ? ನಮ್ಮನೆಯವರ ಆಟ' ಎಂದಳು. ಹೊರಟವಳು ತಿರುಗಿ ಬಂದು ನನ್ನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಹೋದಳು.

ಈಗ ತುಕ್ಕು ಹಿಡಿದ ಬಾಣಲೆಗಳ ಮೇಲೆ ಕೂತಿದ್ದೇನೆ. ಗುಜರಿಯವನು ಪಕ್ಕದ ಡಬ್ಬಗಳನ್ನು ಒಡೆಯುತ್ತಿದ್ದಾನೆ, ಮುಂದಿನ ಸರದಿ ನನ್ನದು. ಅವಳ ಫೋನು ಹೋದ ನಿಮಿಷ ನನ್ನಲ್ಲಿದೆ, ಅದು ಅವನಿಗೆ ಗೊತ್ತು. ಅವಳು ನಿಂತು ನೋಡಿದ ಗಂಟೆಗಳೂ ನನ್ನಲ್ಲಿವೆ, ಅವು ಗೊತ್ತಿಲ್ಲ. ಮೂವತ್ತಾರಕ್ಕೆ ಇಪ್ಪತ್ತೇಳು ಎಂದು ಹೇಳಿದ್ದು ನಾನೇ. ಉಳಿದ ಒಂಬತ್ತು ಯಾವುವೆಂದು ಅಂದು ಯಾರೂ ಕೇಳಲಿಲ್ಲ.